ಖಾಲಿ ತೋಟಾ

ಎರಡು ಕಂಬಳಿ ಸುತ್ತಿಸಿಕೊಂಡು, ಮೈಸೂರಿಂದ ವ್ಯಾನಿನಲ್ಲಿ
ಮಡಿಕೇರಿಯ ಮಾಜಿ ಸೈನಿಕರ ಕ್ಲಿನಿಕ್ಕಿಗೆ ಬಂತು ಈ ಯಂತ್ರ.
ಕುಶಾಲನಗರ ದಾಟಿದ ಮೇಲೆ ಪ್ರತಿ ತಿರುವಿನಲ್ಲೂ
ನಾನೇ ಅದನ್ನು ಅಪ್ಪಿ ಹಿಡಿದಿದ್ದೆ,
ಬಾಣಂತಿಯನ್ನು ತವರಿಗೆ ಕರೆದೊಯ್ಯುವವರ ಹಾಗೆ.

ಮಾಡುವುದು ಇಷ್ಟೇ.
ಎಂಟರ ಆಕಾರದ ಸುರುಳಿಯನ್ನು ನೆತ್ತಿಯ ಎಡಕ್ಕೆ ಹಿಡಿಯುತ್ತೇನೆ.
ಟಕ್.
ಬಲಗೈಯ ತೋರುಬೆರಳು ತಾನಾಗಿ ಮಿಡಿಯುತ್ತದೆ.
ಎಷ್ಟು ಮಿಡಿಯಿತು, ಬರೆದುಕೊಳ್ಳುತ್ತೇನೆ.
ಆಮೇಲೆ ಮೂರು ನಿಮಿಷ ಸುರುಳಿ ಗುಣುಗುಣಿಸಿ
ಮಿದುಳಿಗೆ ಏನನ್ನೋ ಹೇಳಿಕೊಡುತ್ತದೆ.
ಅರ್ಧ ಗಂಟೆ ಬಿಟ್ಟು ಮತ್ತೆ ಟಕ್.
ಬೆರಳು ಮೊದಲಿಗಿಂತ ಜೋರಾಗಿ ಕುಣಿದರೆ
ಒಳಗಿನ ಮಣ್ಣು ಇನ್ನೂ ಹಸಿ, ಒತ್ತಿದರೆ ಗುರುತು ಬೀಳುತ್ತದೆ.
ಕುಣಿಯದಿದ್ದರೆ,
ಕುಣಿಯದಿದ್ದರೆ ಅದನ್ನೂ ಬರೆದುಕೊಳ್ಳುತ್ತೇನೆ.

ತೋರುಬೆರಳೇ ಯಾಕೆ ಎಂದು ಯಾರೂ ಕೇಳಲಿಲ್ಲ.
ಈ ಊರಿನಲ್ಲಿ ಕೇಳಬೇಕಾಗಿಯೂ ಇಲ್ಲ.

ಹವಾಲ್ದಾರ್ ಉತ್ತಯ್ಯ, ನಾಪೋಕ್ಲು ಕಡೆಯವರು,
ವಯಸ್ಸು ಎಪ್ಪತ್ತಮೂರು; ನಮ್ಮ ಕಾಗದದಲ್ಲಿ ಬರೀ ಹದಿನೇಳು.
ಮಂಗಳವಾರ ಮಂಗಳವಾರ, ಎರಡು ಬಸ್ಸು ಬದಲಿಸಿ,
ಪಾಲಿಶ್ ಹಾಕಿದ ಬೂಟಿನಲ್ಲಿ, ಹೆಂಡತಿ ಚೋಂದಮ್ಮನ ಜೊತೆ.
"ನಿನ್ನ ಹೆಸರೇನು ಮಗಳೇ?"
"ಸಫೂರಾ."
"ಯಾವೂರು?"
"ಸಿದ್ದಾಪುರ."
"ಓ, ಅಲ್ಲಿ ಆನೆ ಜಾಸ್ತಿ."
ಹನ್ನೊಂದು ಮಂಗಳವಾರ.
ಹನ್ನೊಂದು ಸಲವೂ ಆನೆ ಹೊಸದು.

ಮನೆಯ ಕೋವಿಯನ್ನು ಚೋಂದಮ್ಮ ಅಣ್ಣನ ಮನೆಗೆ ದಾಟಿಸಿದ್ದಾರೆ.
ಕೈಲ್‌ಪೊಳ್ದಿನ ದಿನ ಇವರು ಕೋವಿ ಹೂವು ಕಿತ್ತು ತಂದು
ಯಾವ ನಳಿಗೆಗೆ ಸಿಕ್ಕಿಸುವುದೆಂದು ತಿಳಿಯದೆ
ಸಂಜೆಯವರೆಗೂ ಹಿಡಿದುಕೊಂಡೇ ನಿಂತಿದ್ದರಂತೆ.
ಇದನ್ನು ಬರೆಯಲು ಫಾರಮ್ಮಿನಲ್ಲಿ ಜಾಗವಿಲ್ಲ.
ಜಾಗ ಇರುವುದು ಇದಕ್ಕೆ:
ಮೊದಲು, ಒಂದು ಪಾಯಿಂಟ್ ಒಂದು.
ಆಮೇಲೆ, ಒಂದು ಪಾಯಿಂಟ್ ಒಂದು.

ಸುರುಳಿ ಎರಡಿವೆ, ಹೇಳಬೇಕು.
ಒಂದು ನಿಜದ್ದು, ಇನ್ನೊಂದು ನಟಿಸುವಂಥದ್ದು.
ಅದೇ ತೂಕ, ಅದೇ ಸದ್ದು, ಅದೇ ಮೂರು ನಿಮಿಷ.
ಯಾವ ವಾರ ಯಾವುದೋ ನನಗೂ ಗೊತ್ತಿಲ್ಲ;
ಉತ್ತರ ಮೈಸೂರಿನ ಡಾಕ್ಟರ ಬೀರುವಿನೊಳಗೆ
ಅಂಟಿಸಿದ ಲಕೋಟೆಯಲ್ಲಿದೆ.

ಆರನೆಯ ಮಂಗಳವಾರ, ಸುರುಳಿ ಗುಣುಗುಣಿಸುತ್ತಿರುವಾಗ
ಕಣ್ಣು ತೆರೆಯದೆ ಅಂದರು:
"ಇವತ್ತು ಖಾಲಿ ತೋಟಾ."
ನಕ್ಕುಬಿಟ್ಟೆ.
ಏಳನೆಯ ವಾರ ಏನೂ ಅನ್ನಲಿಲ್ಲ, ನೆಗಡಿಯಾಗಿತ್ತು.
ಎಂಟಕ್ಕೆ, "ಹಾಂ, ಇದು ಭರ್ತಿ."
ಒಂಬತ್ತು, "ಖಾಲಿ." ಹತ್ತು, "ಖಾಲಿ."
ಹೇಗೆ ಗೊತ್ತು ಅಂದರೆ ಗೊತ್ತಿಲ್ಲ.
ಹೋದ ವಾರ ಬಂದದ್ದು ಗೊತ್ತಿಲ್ಲ,
ಈ ಕುರ್ಚಿಯಲ್ಲಿ ಎಂದಾದರೂ ಕೂತದ್ದು ಗೊತ್ತಿಲ್ಲ.
"ಇದೇನು ಮಗಳೇ, ಕ್ಷೌರದ ಯಂತ್ರವಾ?"

ನಿಯಮ ನಿಯಮವೇ. ಫೋನು ಮಾಡಿದೆ.
ಆ ಕಡೆ ಲಕೋಟೆ ಹರಿದ ಸದ್ದು, ಆಮೇಲೆ ಬಹಳ ಹೊತ್ತು
ಫ್ಯಾನಿನ ಸದ್ದು.
ನಾಲ್ಕಕ್ಕೆ ನಾಲ್ಕೂ ಸರಿ.
"ಹದಿನೇಳನ್ನು ತೆಗೆದುಬಿಡಿ," ಅಂದರು ಡಾಕ್ಟರು,
"ಗುಟ್ಟು ಒಡೆದವರು ಲೆಕ್ಕಕ್ಕೆ ಬರುವುದಿಲ್ಲ."

ಸರ್, ಅವರು ಕಲಿತಿದ್ದಾರೆ.
ಮೊದಲ ವಾರ ಗೊತ್ತಿರದ್ದು ಆರನೆಯ ವಾರ ಗೊತ್ತಾಗಿದೆ.
ಎಲ್ಲಿ ಇಟ್ಟುಕೊಂಡರೋ, ಯಾವ ಸಂದಿಯಲ್ಲೋ,
ನನ್ನ ಹೆಸರೂ ಹೊಗದ ಕಡೆ ಅದು ಹೊಕ್ಕು ಕೂತಿದೆ.
ಅದನ್ನೇ ಅಲ್ಲವೇ ಸರ್ ನಾವು ಅಳೆಯಲು ಬಂದದ್ದು?
ಲೈನು ಕಡಿದಿತ್ತು.
ಎಲ್ಲಿಯವರೆಗೆ ಕೇಳಿಸಿಕೊಂಡರೋ ಏನೋ.

ಇವತ್ತು ಹನ್ನೊಂದನೆಯದು.
ಬರಬೇಡಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ,
ಹೇಳಬೇಕಾಗಿದ್ದವಳು ನಾನೇ.
ಹೆಸರು, ಊರು, ಆನೆ, ಎಲ್ಲ ಮುಗಿಸಿ
ಕುರ್ಚಿಯಲ್ಲಿ ನೆಟ್ಟಗೆ ಕೂತರು.
ಪ್ಲಗ್ಗು ಹಾಕದ ಸುರುಳಿಯನ್ನು ಸುಮ್ಮನೆ ನೆತ್ತಿಗಿಟ್ಟೆ.

ಉತ್ತಯ್ಯ ಕಾದರು.
ಹೊರಗೆ ಬಸ್ಸೊಂದು ಹಿಂದಕ್ಕೆ ಸರಿಯುವ ಸೀಟಿ.
ಮತ್ತೂ ಕಾದರು.
ತೋರುಬೆರಳು ಕುರ್ಚಿಯ ಕೈ ಮೇಲೆ ಮೆಲ್ಲಗೆ ಮಡಿಚಿ, ಬಿಚ್ಚಿತು.

"ತೋಟಾ ಮುಗಿದಿದ್ದರೆ ಹೇಳಿಬಿಡಬೇಕು ಮಗಳೇ.
ಸುಮ್ಮನೆ ಗುರಿ ಹಿಡಿಸಬಾರದು."