ತಗಡಿನ ವ್ಯಾಪಾರಿ ಹೇಳಿದ್ದು

ಮೂವತ್ತೆರಡು ವರ್ಷ ತಗಡು ಮಾರಿದ್ದೇನೆ
ಬುರ್ಕಿನಾದ ಯಾಕೊ ಪೇಟೆಯಲ್ಲಿ.
ಬಂದರಿನಿಂದ ಲಾರಿ ಹತ್ತಿ ಬರುತ್ತಿದ್ದವು
ಎಣ್ಣೆ ವಾಸನೆಯ ಹೊಸ ಹಾಳೆಗಳು,
ಗೆಣ್ಣಿನಿಂದ ಬಡಿದರೆ ಢಣ್.
ನಮ್ಮೂರಲ್ಲಿ ಮರ್ಯಾದೆಯ ಸದ್ದು ಅದೇ.
ತಗಡು ಹೊದಿಸಿದವನಿಗೆ ಹೆಣ್ಣು ಕೊಡುತ್ತಿದ್ದರು,
ಹುಲ್ಲು ಹೊದಿಸಿದವನಿಗೆ ಕಡ ಕೂಡ ಇಲ್ಲ.

ಸುಳ್ಳೇಕೆ, ನಾನು ಎರಡೂ ಕಡೆ ದುಡಿದೆ:
ತಗಡು ಮಾರಿದೆ,
ಅದರಡಿ ಬೆಂದವರಿಗೆ ಬೀಸಣಿಗೆ ಮಾರಿದೆ.

ಏಪ್ರಿಲ್ ಬಂತೆಂದರೆ ನನ್ನ ಮನೆಯೊಳಗೇ
ಹಗಲು ಯಾರೂ ನಿಲ್ಲುತ್ತಿರಲಿಲ್ಲ.
ಬೇವಿನಡಿ ಚಾಪೆ, ಚಾಪೆಯ ಮೇಲೆ ನಾವು,
ಹಲ್ಲಿ ಸಹ ಗೋಡೆ ಬಿಟ್ಟು ನಮ್ಮ ಪಕ್ಕ.
ರಾತ್ರಿ ಹತ್ತಾದರೂ ಮಾಡು ಟಿಕ್ ಟಿಕ್ ಎಂದು
ಹಗಲು ನುಂಗಿದ್ದನ್ನು ಹಿಂತಿರುಗಿಸುತ್ತಿತ್ತು,
ಜಿಪುಣ ಸಾಲಗಾರನ ಹಾಗೆ, ಕಂತು ಕಂತಾಗಿ.

ಆ ವರ್ಷ ಬಂದ, ಕೂಕಾ ಎಂಬ ಮೇಸ್ತ್ರಿ.
ಕೈಯಲ್ಲಿ ಒಂದು ದಾರ, ಒಂದು ಇಟ್ಟಿಗೆ ಅಚ್ಚು.
ಹೆರಿಗೆಯ ಕೋಣೆ ಕಟ್ಟಬೇಕಂತೆ.
“ಮರ ಬೇಡ” ಎಂದ.
ಮರ ಎಲ್ಲಿದೆ ಬೇಕೆನ್ನಲು? ತೊಲೆಗಾಗುವ ಮರಗಳನ್ನು
ನಮ್ಮಪ್ಪಂದಿರೇ ಮುಗಿಸಿದರು,
ಉಳಿದ ನಾಲ್ಕು ಶಿಯಾ ಮರ ಹೆಂಗಸರವು,
ಕೊಡಲಿ ತೋರಿಸಿದವನ ಗತಿ ದೇವರಿಗೇ ಪ್ರೀತಿ.
“ತಗಡೂ ಬೇಡ” ಎಂದ.
ಕುಡಿಯುತ್ತಿದ್ದ ಜೋಳದ ದೋಲೋ
ನನ್ನ ಮೂಗಿನಿಂದ ಬಂತು, ಅಷ್ಟು ನಕ್ಕೆ.

ಮೊಳ ಮೀರಿದ ದಪ್ಪದ ಮಣ್ಣಿನ ಗೋಡೆ.
ಅದರ ಮೇಲೆ ಆಧಾರವಿಲ್ಲದೆ ಕಮಾನು:
ಹಿಂಗೋಡೆಗೆ ಮೊದಲ ಸಾಲು ಒರಗಿತು,
ಮೊದಲ ಸಾಲಿಗೆ ಎರಡನೆಯದು,
ಅಜ್ಜಿಯ ಬೆನ್ನಿಗೆ ಜೋತ ಮೊಮ್ಮಕ್ಕಳ ಹಾಗೆ.
ದಾರ ಹೇಳಿದಲ್ಲಿ ಇಟ್ಟಿಗೆ, ಬೊಗಸೆ ಕೆಸರು.
ಒಂದೂ ಬೀಳಲಿಲ್ಲ.
ಬೀಳಲಿ ಎಂದೇ ನಾನು ದಿನಾ ಹೋಗಿ ಕೂರುತ್ತಿದ್ದೆ.
ಮೊದಲ ಮಳೆಗೆ ಕರಗುತ್ತದೆಂದು
ಒಂದು ಆಡು ಪಣ ಕಟ್ಟಿದೆ.

ನನ್ನ ಮಗಳು ಯಂಪೊಕೊ ಅಲ್ಲೇ ಹೆತ್ತಳು,
ಶುಕ್ರವಾರ, ನಡು ಮಧ್ಯಾಹ್ನ.
ಹೊರಗೆ ನೆಲ ಹೆಂಚಾಗಿತ್ತು,
ನನ್ನ ಚಪ್ಪಲಿಯ ರಬ್ಬರು ಅಂಟುತ್ತಿತ್ತು.
ಬಾಗಿಲಿಗೆ ಬಂದ ಸೂಲಗಿತ್ತಿ ಕೇಳಿದ್ದು ನೀರನ್ನಲ್ಲ,
“ಮಗುವಿಗೆ ಹೊದಿಸಲು ಇನ್ನೊಂದು ಬಟ್ಟೆ ಕೊಡಿ.”
ಹೊದಿಸಲು! ಮೇ ತಿಂಗಳಲ್ಲಿ!
ಆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಮೂರನೆಯ ರಾತ್ರಿ ಮಳೆ.
ಈಗಿನ ಮಳೆಗೆ ಹಿಂದಿನ ನಡತೆ ಇಲ್ಲ,
ತಡವಾಗಿ ಬರುತ್ತದೆ, ಬಂದರೆ ದೊಂಬಿಯ ಹಾಗೆ.
ಎದ್ದೆ. ಪಣ ಗೆಲ್ಲುವ ಖುಷಿ ಬರಬೇಕಿತ್ತು.
ಬರಲಿಲ್ಲ. ಒಳಗೆ ಮಗಳಿದ್ದಳು.
ತಲೆಯ ಮೇಲೆ ಎರಡು ತಗಡು ಹೊತ್ತು ಓಡಿದೆ.

ಮಾಡಿನ ಮೇಲೆ ಕೂಕಾ, ಸೊಂಟದವರೆಗೆ ಕೆಸರು.
ಕಮಾನು ಅಲುಗಿರಲಿಲ್ಲ,
ಆದರೆ ನೀರಿಗೆ ಹೋಗಲು ದಾರಿ ಇರಲಿಲ್ಲ,
ಒಂದು ಮೂಲೆ ಬೆಲ್ಲದಂತೆ ಜಾರುತ್ತಿತ್ತು,
ಅವನು ಅದನ್ನು ಅಂಗೈಯಲ್ಲಿ ಒತ್ತಿ ಹಿಡಿದಿದ್ದ.
ನಾನು ಏನೂ ಕೇಳಲಿಲ್ಲ.
ಕತ್ತರಿ ತೆಗೆದು ತಗಡನ್ನು ಸೀಳಿದೆ,
ಮೊಣಕಾಲಿಗೆ ಒತ್ತಿ ಬಗ್ಗಿಸಿದೆ,
ನಾಲಗೆ ಚಾಚಿದ ಹಾಗೆ ಮೂಲೆಗೆ ಸಿಕ್ಕಿಸಿದೆ.
ನೀರು ಗೋಡೆ ಬಿಟ್ಟು ದೂರ ಹಾರಿ ಬಿತ್ತು.
ಒಳಗೆ ಅರ್ಜುಮಾ ಅತ್ತ, ಹಸಿವಿಗೆ.

ಈಗ ನನ್ನ ಅಂಗಡಿಯಲ್ಲಿ ದೋಣಿಗಳೇ ಹೆಚ್ಚು.
ಒಂದು ಹಾಳೆಗೆ ಹನ್ನೊಂದು. ಲಾಭ ಕಮ್ಮಿ.
ಆಡು ಕೊಟ್ಟೆಯಾ ಎಂದು ಜನ ಕೇಳುತ್ತಾರೆ.
ಕೂಡಿ ತಿಂದೆವು. ಮೂಲೆ ಜಾರಿದ್ದೂ ನಿಜವಲ್ಲವೇ?

ಎರಡು ವರ್ಷಕ್ಕೊಮ್ಮೆ ಮೇಲೆ ಗಿಲಾವು ಬಳಿಯಬೇಕು,
ಮಣ್ಣು ಮರೆತವರನ್ನು ಮರೆಯುತ್ತದೆ.
ಹೆಂಡತಿ ದಿನಾ ನಮ್ಮ ಮಾಡು ನೋಡಿ
ಮಾತಾಡದೆ ಒಳಗೆ ಹೋಗುತ್ತಾಳೆ.
ಅಂಗಳದಲ್ಲಿ ಇಟ್ಟಿಗೆ ಒಣಗುತ್ತಿವೆ, ಸಾವಿರದ ಮೇಲೆ.
ಮೋಡ ಕಂಡರೆ ಮುಚ್ಚಲು
ತಗಡಿದೆ.