ಮೂರನೆಯ ಶನಿವಾರ, ನೆಬ್ರಾಸ್ಕ

ವಾಷಿಂಗ್ಟನ್ನಿನಿಂದ ಬಂದರೆ ಮೊದಲು ನನ್ನ ಕುರ್ಚಿಗೇ ಬರುತ್ತಾನೆ
ಲೈಲ್ ಹಾವರ್‌ಕ್ಯಾಂಪ್. ಇಪ್ಪತ್ತಾರು ವರ್ಷದಿಂದ ಅದೇ ತಲೆ,
ಕೂದಲಷ್ಟೇ ಕಡಿಮೆ.

ಬಿಳಿ ಬಟ್ಟೆ ಕತ್ತಿಗೆ ಕಟ್ಟುವಷ್ಟರಲ್ಲಿ ತೆರಿಗೆ ಇಳಿದಿರುತ್ತದೆ.
ಕಿವಿಯ ಹಿಂದೆ ಬರುವಾಗ ಗಡಿಗೆ ಗೋಡೆ ಎದ್ದಿರುತ್ತದೆ.
ಬಂದೂಕಿನ ಮಾತಿಗೆ ಮಾತ್ರ ದನಿಯನ್ನೇ ಏರಿಸುವುದಿಲ್ಲ:
"ಅಪ್ಪನದು ಬಾಗಿಲ ಹಿಂದಿದೆ, ಅಲ್ಲೇ ಇರುತ್ತದೆ."
ಹೂಂ ಅನ್ನುತ್ತೇನೆ. ನನ್ನದೂ ಅಲ್ಲೇ ಇದೆ.

ಗಾಳಿಯಂತ್ರಕ್ಕೆ ಸರಕಾರದ ದುಡ್ಡು ಬೇಡ ಅನ್ನುತ್ತಾನೆ;
ಕಿಟಕಿಯಾಚೆ ಅವನ ತಮ್ಮನ ಜೋಳದ ಹೊಲದಲ್ಲಿ
ಮೂರು ರೆಕ್ಕೆ ತಿರುಗುತ್ತಲೇ ಇರುತ್ತವೆ.
ಇಬ್ಬರೂ ಕನ್ನಡಿಯಲ್ಲಿ ನೋಡುತ್ತೇವೆ, ಇಬ್ಬರೂ ಸುಮ್ಮನೆ.

ಬಾಯಿ ಏನೇ ಹೇಳಲಿ, ಕತ್ತು ನನ್ನ ಕೈಯಲ್ಲಿದೆ.
ನಂಬಿ ಆಡಿದ ಮಾತಿಗೆ ಅದು ಬಿಗಿಯುವುದಿಲ್ಲ.

ಈ ಸಲ ಕೌಂಟಿ ಆಸ್ಪತ್ರೆಯ ಮಾತು ನಾನೇ ತೆಗೆದೆ:
ಹೆರಿಗೆ ವಾರ್ಡಿಗೆ ಬೀಗ, ಇನ್ನೊಂದಕ್ಕೆ ಎಪ್ಪತ್ತು ಮೈಲಿ,
ನನ್ನ ಸೊಸೆಗೆ ಏಳು ತಿಂಗಳು.
"ಮಾರುಕಟ್ಟೆ..." ಎಂದು ಶುರು ಮಾಡಿದ.
ಕತ್ತಿನ ನರ ಹಗ್ಗದ ಹಾಗೆ ಎದ್ದಿತು.
ಕತ್ತರಿ ಎತ್ತಿ ಹಿಡಿದು ಕಾದೆ.

ವಾಕ್ಯ ಮುಗಿಯಲಿಲ್ಲ. ರೇಡಿಯೋದಲ್ಲಿ ಹಂದಿಯ ಧಾರಣೆ ಬರುತ್ತಿತ್ತು.
ಹದಿನೆಂಟು ಡಾಲರಿಗೆ ಇಪ್ಪತ್ತೈದು ಇಟ್ಟು, ಟೋಪಿ ಹಾಕಿಕೊಂಡ.

ನವೆಂಬರಿನಲ್ಲಿ ನನ್ನ ಓಟು ಅವನಿಗೇ.
ಎಡಗಡೆ ಮಾತ್ರ, ಬೇಕೆಂದೇ, ಒಂದೆಳೆ ಉದ್ದ ಬಿಟ್ಟೆ.