ಎಡಗಡೆ ಡ್ರಾಯರು

ಸಾಲ್ಮಿಯಾ, ಮಧ್ಯಾಹ್ನ ನಾಲ್ಕು. ಹೊರಗೆ ನಲವತ್ತೆಂಟು ಡಿಗ್ರಿ,
ಒಳಗೆ ಎಸಿಯ ಗೊರಕೆ, ಅದರಡಿಯಲ್ಲಿ ವಾರಿಜಳದು.
ಹನ್ನೆರಡು ತಾಸಿನ ಐಸಿಯು ಕಳಚಿಟ್ಟು
ಮುಖದ ಮೇಲೆ ದುಪಟ್ಟಾ ಎಳೆದುಕೊಂಡಿದ್ದಾಳೆ.

ನಾಲ್ಕೂವರೆಗೆ ನನ್ನ ಜರ್ಮನ್ ಕ್ಲಾಸು.
ಹೆಡ್‌ಸೆಟ್ಟು ನಮ್ಮಿಬ್ಬರಿಗೂ ಒಂದೇ.
ಲ್ಯಾಪ್‌ಟಾಪು ಒಪ್ಪುತ್ತಿಲ್ಲ.
ಬ್ಲೂಟೂತ್ ಆರಿಸಿದೆ, ಹಚ್ಚಿದೆ. ಚಾರ್ಜಿಗಿಟ್ಟೆ, ತೆಗೆದೆ.
‘ಈ ಸಾಧನವನ್ನು ಮರೆಯಲೇ?’ ಎಂದಿತು ಪರದೆ.
ಮರಿ ಮಾರಾಯ, ಎಂದೆ.
ಮತ್ತೆ ಹುಡುಕಿದರೆ ಪಟ್ಟಿಯಲ್ಲಿ
ಮೇಲಿನ ಮನೆಯ ಟೀವಿ, ಯಾರದೋ ಕಾರು,
ಹೆಸರಿಲ್ಲದ ಹನ್ನೆರಡು ಅಂಕಿ;
ನಮ್ಮದೊಂದು ಬಿಟ್ಟು.

ಸುಮ್ಮನೆ ಕಿವಿಗೇರಿಸಿಕೊಂಡೆ. ಒಳಗೆ ರಿಂಗು!
ಕೋಣೆಯಲ್ಲಿ ಸದ್ದಿಲ್ಲ. ದಿಂಬಿನಡಿ ಅವಳ ಫೋನು
ಮಿನುಗುತ್ತಿದೆ, ಅಲ್ಲಿಗೆ ಸೇರಿಕೊಂಡಿದೆ ಇದು.
ನಿಲ್ಲಿಸಲು ಗುಂಡಿ ಒತ್ತಿದೆ.
ಎತ್ತಿಕೊಂಡಿತು.

‘ಅಮ್ಮ, ಕೈವಾರ ಎಲ್ಲುಂಟು? ನಾಳೆ ಟೆಸ್ಟು.’

ಎಬ್ಬಿಸಬೇಕಿತ್ತು.
ಆದರೆ ಎರಡು ವರ್ಷ ಈ ಗೋಡೆ ಬದಿಯ ಮಂಚದಲ್ಲಿ
ಅವಳ ಫೋನು ಕೇಳುತ್ತ ಮಲಗಿದವಳು ನಾನು.
ಕಾಣದ ಆ ಮನೆಯಲ್ಲಿ
ಗ್ಯಾಸಿನ ಪುಸ್ತಕ ಯಾವ ಡಬ್ಬಿಯ ಕೆಳಗೆ,
ಯಾವ ಕಿಟಕಿಗೆ ಚಿಲಕವಿಲ್ಲ, ಬಲ್ಲೆ.

‘ಹೊಲಿಗೆ ಮೆಷಿನ್ನು,’ ಪಿಸುಗುಟ್ಟಿದೆ,
‘ಎಡಗಡೆ ಡ್ರಾಯರು. ಬಾಬಿನ್ ಡಬ್ಬಿಯ ಹಿಂದೆ.’
ಎಳೆದ ಸದ್ದು. ತಡಕಿದ ಸದ್ದು.
‘ಸಿಕ್ಕಿತು.’
ಆಮೇಲೆ, ‘ಸ್ವರ ಯಾಕಮ್ಮ ಹೀಗೆ?’

ಹೆಡ್‌ಸೆಟ್ಟು ಸರಿಯಿಲ್ಲ, ಎಂದೆ.